ಒಂದು ತೋಟಾ, ನಾಲ್ಕು ಲೆಕ್ಕ: ಹೊಸ ರೈಫಲ್‌ಗೆ ಮದ್ದು, ಗುಂಡು, ಕೇಸು ಆರಿಸುವ ಬಗೆ

ಅಮೆರಿಕದ ಐಡಹೊ ರಾಜ್ಯದಲ್ಲಿ ನೆಲೆಸಿರುವ ನಮ್ಮ ಅಕ್ಕನ ಮಗ ಈಚೆಗೆ ಹೊಸ ರೈಫಲ್ ಒಂದನ್ನು ಕೊಂಡ. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಲ್ಲಿ ಭಾನುವಾರ ಬೆಳಿಗ್ಗೆ ವಿಡಿಯೊ ಕರೆ ಬಂದಾಗ, ಅವನು ಬೆರಳುಗಳ ನಡುವೆ ಹಿತ್ತಾಳೆಯ ಒಂದು ಖಾಲಿ ಕೊಳವೆಯನ್ನು ಹಿಡಿದು ಕ್ಯಾಮೆರಾಗೆ ತೋರಿಸಿದ. ಬಾಯಿಯ ಸುತ್ತ ದೀಪದ ಕಾಡಿಗೆಯಂಥ ಕಪ್ಪು, ಬುಡದಲ್ಲಿ ಸಣ್ಣ ಬೊಟ್ಟಿನಂಥ ಕುಳಿ. "ಮಾವ, ಇದನ್ನ ಎಸೆಯಲ್ಲ. ಮತ್ತೆ ನಾನೇ ಮದ್ದು ತುಂಬಿ ತೋಟಾ ಮಾಡ್ಕೋತೀನಿ" ಎಂದ. ಪಕ್ಕದಲ್ಲಿದ್ದ ಅಕ್ಕ ಗಾಬರಿಯಾಗಿ, "ಮನೇಲೇ ಮದ್ದು ಇಟ್ಕಂಡೀಯೇನೋ?" ಎಂದು ಕೇಳಿದಳು. ಅವನು ನಕ್ಕು ಮಾತು ಬದಲಿಸಿದ.

ಅಕ್ಕನ ಪ್ರಶ್ನೆ ನ್ಯಾಯವಾದದ್ದು, ಅವಳೊಬ್ಬಳದ್ದೂ ಅಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಬಂದೂಕು ಒಪ್ಪಿಸಿ ರಸೀದಿ ಪಡೆಯುವ ಹೊಳಲ್ಕೆರೆ, ಚನ್ನಗಿರಿ ಕಡೆಯ ತೋಟದವರು, ಎನ್‌ಸಿಸಿ ಶಿಬಿರದಲ್ಲಿ ಪಾಯಿಂಟ್ ಟೂಟೂ (.22) ರೈಫಲ್ ಹಿಡಿದು ಐದು ಗುಂಡು ಹೊಡೆದು ಬಂದ ವಿದ್ಯಾರ್ಥಿಗಳು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್‌ನಿಂದಲೇ ಭಾರತಕ್ಕೆ ಮೂರು ಪದಕ ಬಂದದ್ದನ್ನು ನೋಡಿ ಮಕ್ಕಳನ್ನು ತರಬೇತಿಗೆ ಸೇರಿಸಿದ ಪಾಲಕರು, ಇವರೆಲ್ಲ ತೋಟಾ ಎಂಬುದನ್ನು ಅಂಗಡಿಯಿಂದ ಬರುವ ಒಂದೇ ವಸ್ತು ಎಂದು ತಿಳಿದವರು. ಅದು ನಾಲ್ಕು ವಸ್ತುಗಳ ಜೋಡಣೆ ಎಂಬುದೂ, ಆ ನಾಲ್ಕನ್ನೂ ಬೇರೆಬೇರೆಯಾಗಿ ಕೊಂಡು ಕೈಯಿಂದ ಜೋಡಿಸುವ ಹವ್ಯಾಸ ಕೆಲವು ದೇಶಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಇದೆ ಎಂಬುದೂ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿರುವ ಸಂಗತಿಯಲ್ಲ.

ಮೊದಲೇ ಹೇಳಬೇಕಾದ ಕಾನೂನಿನ ಮಾತು

ಭಾರತದಲ್ಲಿ ಇದು ಮನೆಯ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಮೂರನೆಯ ಕಲಂ ಶಸ್ತ್ರ ಮತ್ತು ಮದ್ದುಗುಂಡು ಇಟ್ಟುಕೊಳ್ಳಲು ಪರವಾನಗಿ ಬೇಕೆನ್ನುತ್ತದೆ. ಐದನೆಯ ಕಲಂ ಅವುಗಳನ್ನು ತಯಾರಿಸಲು ಮತ್ತು ಮಾರಲು ಬೇರೆಯದೇ ಪರವಾನಗಿ ಬೇಕೆನ್ನುತ್ತದೆ. ಬೆಳೆ ಕಾಯಲು ಅಥವಾ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಇದ್ದವನಿಗೆ ತೋಟಾ ತಯಾರಿಸುವ ಹಕ್ಕು ಅದರಿಂದ ಬರುವುದಿಲ್ಲ. ಹೆಚ್ಚಿನವರು ಗಮನಿಸದ ಇನ್ನೊಂದು ಅಂಶ ಎರಡನೆಯ ಕಲಮಿನ ವ್ಯಾಖ್ಯೆಯಲ್ಲಿದೆ. ಅಲ್ಲಿ 'ಮದ್ದುಗುಂಡು' ಎಂಬ ಪದದೊಳಗೆ ತುಂಬಿದ ತೋಟಾ ಮಾತ್ರವಲ್ಲದೆ, ಅದರ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳು ಕೂಡ ಸೇರಿವೆ. ಅಂದರೆ ಡಬ್ಬಿಯಲ್ಲಿರುವ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗಳೂ, ಅವನ್ನು ಕೂರಿಸುವ ಕೈಯಂತ್ರವೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಪರವಾನಗಿಯಿಲ್ಲದ ತಯಾರಿಕೆಗೆ 2019ರ ತಿದ್ದುಪಡಿಯ ನಂತರ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆಯಿದೆ. ಆದ್ದರಿಂದ ಮುಂದೆ ಬರುವುದೆಲ್ಲ ಅಮೆರಿಕದಲ್ಲಿ ಅದು ಹೇಗೆ ನಡೆಯುತ್ತದೆ, ಏಕೆ ಹಾಗೆ ನಡೆಯುತ್ತದೆ ಎಂಬ ವಿವರಣೆಯೇ ಹೊರತು ಮಾಡಿ ನೋಡುವ ಪಾಠವಲ್ಲ; ಮದ್ದಿನ ತೂಕದ ಅಳತೆಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ.

ಗುಂಡು ಬೇರೆ, ತೋಟಾ ಬೇರೆ

ನಮ್ಮ ಪತ್ರಿಕೆಗಳಲ್ಲಿ 'ಐದು ಜೀವಂತ ಗುಂಡು ವಶ' ಎಂದು ಬರುತ್ತದೆ. ವಶವಾದದ್ದು ತೋಟಾಗಳು, ಹಳಬರು ಕಾಡತೂಸು ಎನ್ನುವುದೂ ಇದಕ್ಕೇ. ಗುಂಡು ಎಂಬುದು ಅದರ ತುದಿಯಲ್ಲಿ ಕಚ್ಚಿಕೊಂಡು ಕುಳಿತಿರುವ, ನಳಿಗೆಯಿಂದ ಹೊರಗೆ ಹಾರಿ ಹೋಗುವ ಲೋಹದ ತುಂಡು ಮಾತ್ರ. ಅದರ ಹಿಂದಿನ ಹಿತ್ತಾಳೆಯ ಕೊಳವೆ ಕೇಸು. ಕೇಸಿನೊಳಗೆ ಮದ್ದು. ಕೇಸಿನ ಬುಡದ ನಟ್ಟನಡುವಿನ ಕುಳಿಯಲ್ಲಿ ಕುಳಿತಿರುವ ಪುಟ್ಟ ಬಟ್ಟಲು ಪ್ರೈಮರ್. ಕೇಪಿನ ಕೋವಿ ಬಳಸಿದ ಹಿಂದಿನ ತಲೆಮಾರಿನವರಿಗೆ ಇದು ಕೇಪಿನ ಮೊಮ್ಮಗ ಎಂದರೆ ಸಾಕು, ಅರ್ಥವಾಗುತ್ತದೆ.

ಕುದುರೆ (ಟ್ರಿಗರ್) ಎಳೆದಾಗ ಒಂದು ಸೂಜಿ ಮುಂದೆ ನುಗ್ಗಿ ಪ್ರೈಮರ್‌ಗೆ ಬಡಿಯುತ್ತದೆ. ಆ ಪೆಟ್ಟಿನಿಂದ ಒಳಗಿನ ರಾಸಾಯನಿಕ ಕಿಡಿಯಾಗಿ, ಸಣ್ಣ ರಂಧ್ರದ ಮೂಲಕ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಅನಿಲಕ್ಕೆ ಜಾಗ ಸಾಲದೆ ಒತ್ತಡ ಏರುತ್ತದೆ. ಒತ್ತಡ ಗುಂಡನ್ನು ನಳಿಗೆಯ ಉದ್ದಕ್ಕೂ ದೂಡುತ್ತದೆ. ಸೂಜಿಯ ಪೆಟ್ಟಿನಿಂದ ಗುಂಡು ಬಾಯಿ ದಾಟುವವರೆಗೆ ಕೆಲವೇ ಮಿಲಿಸೆಕೆಂಡುಗಳು. ಬಡಿಯುವ ಸೂಜಿಯೊಂದನ್ನು ಬಿಟ್ಟರೆ ಇಷ್ಟೂ ಕೆಲಸದಲ್ಲಿ ಬಂದೂಕಿನದೆಂಬ ಶಕ್ತಿ ಒಂದಿಷ್ಟೂ ಇಲ್ಲ. ಒತ್ತಡವನ್ನು ತಡೆದು ಹಿಡಿಯುವುದು, ಗುಂಡಿಗೆ ದಿಕ್ಕು ಮತ್ತು ಸುತ್ತು ಕೊಡುವುದು ಇಷ್ಟೇ ಅದರ ಪಾಲು.

ಆ ಒತ್ತಡ ಎಷ್ಟು? ಪಂಕ್ಚರ್ ಅಂಗಡಿಯಲ್ಲಿ ಕಾರಿನ ಚಕ್ರಕ್ಕೆ 'ಮೂವತ್ತು ಪೌಂಡ್ ಗಾಳಿ' ಹಾಕಿಸುತ್ತೇವಲ್ಲ, ಅದು ಚದರ ಅಂಗುಲಕ್ಕೆ ಮೂವತ್ತು ಪೌಂಡ್ ಒತ್ತಡ. ಅಕ್ಕನ ಮಗನ ರೈಫಲ್‌ನ ತೋಟಾ 6.5 ಕ್ರೀಡ್‌ಮೂರ್ ಎಂಬ ಬಗೆಯದು. 2007ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದಕ್ಕೆ ಅಮೆರಿಕದ ತಯಾರಕರ ಮಾನಕ ಸಂಸ್ಥೆ ನಿಗದಿ ಮಾಡಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡ್. ಕಾರಿನ ಚಕ್ರದ ಎರಡು ಸಾವಿರ ಪಟ್ಟು ಒತ್ತಡ, ಹೊಡೆಯುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಬಿಡಿಭಾಗಗಳ ಆಯ್ಕೆಯಲ್ಲಿ ಬರುವ ಎಲ್ಲ ಎಚ್ಚರಿಕೆಗಳ ಬೇರು ಈ ಒಂದು ಅಂಕಿಯಲ್ಲಿದೆ.

ಮೊದಲು ರೈಫಲ್, ಆಮೇಲೆ ಉಳಿದದ್ದು

ಹೊಸಬರು ಸಾಮಾನ್ಯವಾಗಿ 'ಒಳ್ಳೆಯ ಮದ್ದು ಯಾವುದು' ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಆಯ್ಕೆ ಶುರುವಾಗುವುದು ಮದ್ದಿನಿಂದಲ್ಲ, ನಳಿಗೆಯ ಮೇಲೆ ಕೊರೆದಿರುವ ಹೆಸರಿನಿಂದ. ತೋಟಾ ಕೂರುವ ಗೂಡನ್ನು ಯಾವ ಅಳತೆಗೆ ಕಡೆದಿದ್ದಾರೆ ಎಂಬುದನ್ನು ಆ ಹೆಸರು ಹೇಳುತ್ತದೆ. ಆ ಹೆಸರಿನ ತೋಟಾ ಬಿಟ್ಟು ಬೇರೆಯದು, ಕಣ್ಣಿಗೆ ಎಷ್ಟೇ ಹೊಂದುವಂತೆ ಕಂಡರೂ, ಅಲ್ಲಿ ಸಲ್ಲದು.

ಹೆಸರಿನಲ್ಲಿರುವ ಅಂಕಿಯನ್ನು ಅಳತೆ ಎಂದು ನಂಬುವಂತೆಯೂ ಇಲ್ಲ. 6.5 ಎಂದು ಕರೆಸಿಕೊಳ್ಳುವ ಈ ತೋಟಾದ ಗುಂಡಿನ ನಿಜವಾದ ವ್ಯಾಸ ಸುಮಾರು 6.7 ಮಿಲಿಮೀಟರ್. ಮೂವತ್ತು-ಸೊನ್ನೆ-ಆರು ಎಂಬ 1906ರ ತೋಟಾಕ್ಕೂ, ಮುನ್ನೂರ ಎಂಟು ವಿಂಚೆಸ್ಟರ್ ಎಂಬ 1952ರ ತೋಟಾಕ್ಕೂ ಗುಂಡಿನ ವ್ಯಾಸ ಒಂದೇ, ಕೇಸಿನ ಉದ್ದ ಬೇರೆ. ಹೆಸರುಗಳ ಹಿಂದೆ ಇತಿಹಾಸ, ವ್ಯಾಪಾರ, ಅಭಿಮಾನ ಎಲ್ಲವೂ ಸೇರಿಕೊಂಡಿವೆ. ತರ್ಕ ಮಾತ್ರ ಎಲ್ಲ ಕಡೆಯೂ ಇಲ್ಲ.

ಎರಡನೆಯದಾಗಿ ನೋಡಬೇಕಾದದ್ದು ನಳಿಗೆಯೊಳಗಿನ ತಿರುಚು. ರೈಫಲ್‌ಗೆ ಆ ಹೆಸರು ಬಂದದ್ದೇ ನಳಿಗೆಯ ಒಳಗೋಡೆಯಲ್ಲಿ ಕೊರೆದ ಸುರುಳಿ ಗೀರುಗಳಿಂದ. ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ಮುಂದೆ ಹೋಗುವಾಗ ತನ್ನ ಸುತ್ತ ತಾನು ತಿರುಗುತ್ತದೆ. ಬುಗುರಿ ಜೋರಾಗಿ ತಿರುಗುವಷ್ಟು ಹೊತ್ತು ಮೊಳೆಯ ಮೇಲೆ ನೇರವಾಗಿ ನಿಲ್ಲುತ್ತದೆ, ವೇಗ ಇಳಿದೊಡನೆ ತಲೆ ಆಡಿಸಿ ಬೀಳುತ್ತದೆ. ಗುಂಡಿನ ಕಥೆಯೂ ಅದೇ. ಎಷ್ಟು ಅಂಗುಲ ಹೋದರೆ ಒಂದು ಸುತ್ತು ಎಂಬುದನ್ನು ತಿರುಚಿನ ದರ ಎನ್ನುತ್ತಾರೆ. ಅಕ್ಕನ ಮಗನ ರೈಫಲ್‌ನಲ್ಲಿ ಎಂಟು ಅಂಗುಲಕ್ಕೆ ಒಂದು ಸುತ್ತು. ಗುಂಡು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಟರೆ ಅದು ಸೆಕೆಂಡಿಗೆ 4,050 ಸುತ್ತು, ನಿಮಿಷಕ್ಕೆ ಎರಡು ಲಕ್ಷ ನಲವತ್ತಮೂರು ಸಾವಿರ ಸುತ್ತು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸುವವರೆಗೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ಗುಂಡಿನ ಆಯ್ಕೆ

ಗುಂಡು ಉದ್ದವಾದಷ್ಟೂ ಅದನ್ನು ನೇರವಾಗಿ ಹಿಡಿದಿಡಲು ಹೆಚ್ಚು ಬಿಗಿಯಾದ ತಿರುಚು ಬೇಕು. ಇಂಗ್ಲೆಂಡಿನ ವೂಲಿಚ್‌ನಲ್ಲಿ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಗುಂಡಿನ ಉದ್ದ ಮತ್ತು ವ್ಯಾಸದಿಂದ ತಿರುಚಿನ ದರವನ್ನು ಅಂದಾಜು ಮಾಡುವ ಸರಳ ಸೂತ್ರವೊಂದನ್ನು ಕೊಟ್ಟರು. ಹೊಸ ಸೂತ್ರಗಳು ಬಂದಿದ್ದರೂ ಅದನ್ನು ಇಂದೂ ಮೊದಲ ಅಂದಾಜಿಗೆ ಬಳಸುವವರಿದ್ದಾರೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ ತೂಕವಲ್ಲ, ಉದ್ದ. ಅಂಗಡಿಯಲ್ಲಿ ಗುಂಡನ್ನು ತೂಕದ ಲೆಕ್ಕದಲ್ಲಿ ಮಾರುವುದರಿಂದ ಹೊಸಬರು ತೂಕವನ್ನೇ ನೋಡುತ್ತಾರೆ. ಆದರೆ ಸೀಸಕ್ಕಿಂತ ತಾಮ್ರ ಹಗುರ. ಆದ್ದರಿಂದ ಅಷ್ಟೇ ತೂಕದ ಪೂರ್ಣ ತಾಮ್ರದ ಗುಂಡು ಸೀಸದ ಗುಂಡಿಗಿಂತ ಉದ್ದವಾಗುತ್ತದೆ, ಅದಕ್ಕೆ ತಿರುಚು ಸಾಲದೆ ಹೋಗಬಹುದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಸತ್ತ ಪ್ರಾಣಿಯ ಮಾಂಸದಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಕಾಂಡರ್ ಎಂಬ ರಣಹದ್ದುಗಳು ಸಾಯುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. ಹಾಗೆ ತಾಮ್ರಕ್ಕೆ ಬದಲಾಯಿಸಿದವರು ಹಳೆಯ ನಳಿಗೆಗೆ ಹೊಂದುವ ಹೊಸ ತೂಕವನ್ನು ಮತ್ತೆ ಹುಡುಕಬೇಕಾಗುತ್ತದೆ.

ತೂಕದ ಅಳತೆ ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ಗುಲಗಂಜಿಯನ್ನು ಬಲ್ಲವರು ಅದರ ಅರ್ಧ ಎಂದು ತಿಳಿಯಬಹುದು. 6.5 ಕ್ರೀಡ್‌ಮೂರ್‌ಗೆ ಸಾಮಾನ್ಯವಾಗಿ 120ರಿಂದ 147 ಗ್ರೇನ್ ತೂಕದ ಗುಂಡುಗಳನ್ನು ಬಳಸುತ್ತಾರೆ. 140 ಗ್ರೇನ್ ಎಂದರೆ ಒಂಬತ್ತು ಗ್ರಾಂ ಆಯಿತು.

ಉದ್ದೇಶ ಏನು ಎಂಬುದು ಉಳಿದದ್ದನ್ನು ತೀರ್ಮಾನಿಸುತ್ತದೆ. ಗುರಿಹಲಗೆಗೆ ಹೊಡೆಯುವವನಿಗೆ ಬೇಕಾದದ್ದು ಗಾಳಿಯನ್ನು ಚೆನ್ನಾಗಿ ಸೀಳುವ, ಹಿಂಬದಿ ದೋಣಿಯ ತುದಿಯಂತೆ ಸಣ್ಣಗಾಗಿರುವ, ಒಂದಕ್ಕೊಂದು ತೂಕದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಗುಂಡು. ಅಲ್ಲಿನ ಕಾನೂನಿನಂತೆ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವವನಿಗೆ ಬೇಕಾದದ್ದು ತಗುಲಿದೊಡನೆ ಅರಳಿ, ಪ್ರಾಣಿ ನರಳದೆ ಬೇಗ ಸಾಯುವಂತೆ ಮಾಡುವ ಗುಂಡು. ಅರಳುವ ಗುಂಡಿಗೆ ಇಂಗ್ಲಿಷರು ಇಟ್ಟ ಹಳೆಯ ಹೆಸರು ನಮ್ಮ ದೇಶದ್ದೇ. ಕಲ್ಕತ್ತಾ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಅಂಥ ಗುಂಡು ತಯಾರಾದುದರಿಂದ ಅದು 'ದಮ್‌ದಮ್' ಆಯಿತು. ಯುದ್ಧದಲ್ಲಿ ಅದನ್ನು ಬಳಸಬಾರದೆಂದು 1899ರ ಹೇಗ್ ಘೋಷಣೆ ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ಅದೇ ಗುಣವನ್ನು ದಯೆಯ ಲಕ್ಷಣವೆಂದು ಎಣಿಸುತ್ತಾರೆ.

ಹೊಸ ರೈಫಲ್ ಯಾವ ಗುಂಡನ್ನು ಮೆಚ್ಚುತ್ತದೆ ಎಂಬುದು ಹೊಡೆದು ನೋಡುವವರೆಗೆ ತಿಳಿಯುವುದಿಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ನಳಿಗೆಗಳು ಒಂದೇ ಗುಂಡನ್ನು ಎರಡು ರೀತಿಯಲ್ಲಿ ಹಾರಿಸಬಲ್ಲವು. ಹೀಗಾಗಿ ತಿಳಿದವರು ಒಂದೇ ಬಗೆಯ ಸಾವಿರ ಗುಂಡು ಒಮ್ಮೆಗೇ ಕೊಳ್ಳದೆ, ಎರಡು ಮೂರು ಬಗೆಯ ಚಿಕ್ಕ ಪೆಟ್ಟಿಗೆಗಳಿಂದ ಶುರು ಮಾಡುತ್ತಾರೆ.

ಹಿತ್ತಾಳೆಯ ಕೇಸು ಏಕೆ ಹಿತ್ತಾಳೆಯದೇ

ನೂರಕ್ಕೆ ಎಪ್ಪತ್ತು ತಾಮ್ರ, ಮೂವತ್ತು ಸತು ಸೇರಿಸಿದ ಹಿತ್ತಾಳೆಗೆ ಒಂದು ಅಪರೂಪದ ಗುಣವಿದೆ. ಒತ್ತಡ ಬಂದಾಗ ಅದು ಹಿಗ್ಗಿ ಗೂಡಿನ ಗೋಡೆಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ಮುಚ್ಚಳವಾಗುತ್ತದೆ; ಒತ್ತಡ ಇಳಿದೊಡನೆ ತುಸು ಕುಗ್ಗಿ, ಸುಲಭವಾಗಿ ಹೊರಗೆ ಬರುತ್ತದೆ. ಈ ಹಿಗ್ಗು ಕುಗ್ಗಿನಿಂದಾಗಿಯೇ ಅದನ್ನು ಮತ್ತೆ ಬಳಸಲು ಸಾಧ್ಯ. ಹಿಗ್ಗಿದ ಕೇಸನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಆದರೆ ಲೋಹದ ತಂತಿಯನ್ನು ಮತ್ತೆ ಮತ್ತೆ ಬಾಗಿಸಿದರೆ ಅದು ಗಡಸಾಗಿ ಮುರಿಯುವಂತೆ, ಕೇಸಿನ ಕುತ್ತಿಗೆಯೂ ಸಲ ಸಲಕ್ಕೂ ಗಡಸಾಗುತ್ತ ಹೋಗಿ ಒಂದು ದಿನ ಸೀಳುತ್ತದೆ. ಬುಡದ ಮೇಲ್ಭಾಗದಲ್ಲಿ ಗೋಡೆ ತೆಳುವಾಗುತ್ತದೆ. ಆಗ ಅದು ಗುಜರಿಗೆ.

ಪಾಯಿಂಟ್ ಟೂಟೂ ತೋಟಾದಲ್ಲಿ ಇದು ಸಾಧ್ಯವಿಲ್ಲ. ಅದರಲ್ಲಿ ಪ್ರತ್ಯೇಕ ಪ್ರೈಮರ್ ಇಲ್ಲ. ಸಿಡಿಯುವ ರಾಸಾಯನಿಕ ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಸೂಜಿ ಆ ಅಂಚನ್ನೇ ಜಜ್ಜುತ್ತದೆ. ಜಜ್ಜಿದ ಅಂಚನ್ನು ಮತ್ತೆ ತುಂಬುವ ಹಾಗಿಲ್ಲ. ಎನ್‌ಸಿಸಿ ಶಿಬಿರದಿಂದ ಕದ್ದು ತಂದು ಕಂಪಾಸ್ ಪೆಟ್ಟಿಗೆಯಲ್ಲಿಟ್ಟ ಖಾಲಿ ಕೇಸು ಯಾರ ಬಳಿಯಾದರೂ ಇದ್ದರೆ, ಅಂಚಿನ ಮೇಲಿನ ಆ ಗಾಯವನ್ನು ಈಗಲೂ ನೋಡಬಹುದು.

ಕೇಸಿನ ಆಯ್ಕೆಯಲ್ಲಿ ಮುಖ್ಯವಾದದ್ದು ಒಳಗಿನ ಜಾಗ. ಹೊರ ಅಳತೆ ಎಲ್ಲ ಕಂಪನಿಗಳದ್ದೂ ಒಂದೇ, ಏಕೆಂದರೆ ಒಂದೇ ಗೂಡಿನಲ್ಲಿ ಕೂರಬೇಕು. ಗೋಡೆಯ ದಪ್ಪ ಮಾತ್ರ ಒಂದೊಂದರದ್ದು ಒಂದೊಂದು ಥರ. ಸೇನೆಗೆಂದು ಮಾಡಿದ ಕೇಸಿನ ಗೋಡೆ ಅನೇಕ ವೇಳೆ ಹೆಚ್ಚು ದಪ್ಪ. ಹೊರಗೆ ಒಂದೇ ಗಾತ್ರದ ಎರಡು ಪಾತ್ರೆಗಳಲ್ಲಿ ದಪ್ಪ ತಳದ ಪಾತ್ರೆಗೆ ಕಡಿಮೆ ನೀರು ಹಿಡಿಯುವಂತೆ, ಅಲ್ಲಿ ಮದ್ದಿಗೆ ಜಾಗ ಕಡಿಮೆ. ಅಷ್ಟೇ ಮದ್ದು ಕಡಿಮೆ ಜಾಗದಲ್ಲಿ ಉರಿದರೆ ಒತ್ತಡ ಹೆಚ್ಚು. ಆದ್ದರಿಂದ ಬುಡದ ಮುದ್ರೆ ನೋಡಿ ಒಂದೇ ಕಂಪನಿಯ ಕೇಸುಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತಾರೆ.

ಮದ್ದು: ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವ ಜಾಗ

ಚಿತ್ರದುರ್ಗದ ಕೋಟೆ ನೋಡಿದವರು ತಗ್ಗಿನಲ್ಲಿ ಕೂತಿರುವ ನಾಲ್ಕು ಭಾರಿ ಬೀಸುವ ಕಲ್ಲುಗಳನ್ನು ಮರೆಯಲಾರರು. ಅವು ಮದ್ದು ಬೀಸುವ ಕಲ್ಲುಗಳು ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ನಾಯಕರ ಕಾಲದ ಆ ಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಕರಿಮದ್ದು. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆ ಮತ್ತು ಮಸಿಯಾಗಿ ಉಳಿಯುತ್ತದೆ. ಇಂದಿನ ರೈಫಲ್ ತೋಟಾದ ಮದ್ದು ಅದಲ್ಲ. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ನೈಟ್ರೋಸೆಲ್ಯುಲೋಸ್‌ನಿಂದ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಕರಿಮದ್ದಿನ ಯುಗ ಮುಗಿಯಿತು. ಹೊಸದಕ್ಕೂ ಹಳೆಯದಕ್ಕೂ ನಾವು 'ಮದ್ದು' ಎಂಬ ಒಂದೇ ಪದ ಬಳಸುವುದರಿಂದ ಎರಡೂ ಒಂದೇ ಎಂಬ ಭಾವನೆ ಉಳಿದುಬಿಟ್ಟಿದೆ. ಕರಿಮದ್ದಿನ ಜಾಗದಲ್ಲಿ ಹೊಗೆಯಿಲ್ಲದ ಮದ್ದು ಹಾಕಿದರೆ ಬಂದೂಕು ಸಿಡಿದು ಕೈ ಹೋಗಬಹುದು.

ಇನ್ನೊಂದು ತಪ್ಪು ತಿಳಿವಳಿಕೆ, ಮದ್ದು ಸ್ಫೋಟಿಸುತ್ತದೆ ಎಂಬುದು. ಹೊಗೆಯಿಲ್ಲದ ಮದ್ದು ಉರಿಯುತ್ತದೆ. ಬಯಲಿನಲ್ಲಿ ಅದು ಭಗ್ಗನೆ ಉರಿದು ಆರುತ್ತದೆ. ಮುಚ್ಚಿದ ಗಟ್ಟಿ ಜಾಗದಲ್ಲಿ ಒತ್ತಡ ಏರಿದಷ್ಟೂ ಇನ್ನೂ ವೇಗವಾಗಿ ಉರಿಯುತ್ತದೆ, ಹೆಚ್ಚು ವೇಗವಾಗಿ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಅಕ್ಕನ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಮದ್ದನ್ನು ಕಂಪನಿಯ ಮೂಲ ಡಬ್ಬಿಯಲ್ಲೇ ಇಡಬೇಕೆನ್ನುವುದು ಆ ಡಬ್ಬಿ ಬೇಕೆಂದೇ ದುರ್ಬಲವಾಗಿ ಮಾಡಿದ್ದಾಗಿರುವುದರಿಂದ; ಬೆಂಕಿ ಬಿದ್ದರೆ ಒತ್ತಡ ಏರುವ ಮೊದಲೇ ಅದು ಬಿಚ್ಚಿಕೊಳ್ಳುತ್ತದೆ. ಗಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಗಿದಿಡುವುದು ಭದ್ರತೆಯಂತೆ ಕಂಡರೂ ಅದೇ ಅಪಾಯ. ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್, ಅಂದರೆ ಸುಮಾರು ಒಂಬತ್ತು ಕಿಲೊವರೆಗೆ ಇಟ್ಟುಕೊಳ್ಳಲು ಬಿಡುತ್ತದೆ.

ಈಗ ಆಯ್ಕೆಯ ವಿಷಯ. ಮದ್ದುಗಳ ನಡುವಿನ ಮುಖ್ಯ ವ್ಯತ್ಯಾಸ ಉರಿಯುವ ವೇಗ. ಒಲೆಗೆ ಒಣ ಅಡಿಕೆ ಸೋಗೆ ಹಾಕಿದರೆ ಭಗ್ಗನೆ ಎದ್ದು ಆರುತ್ತದೆ, ಹುಣಸೆ ಕೊರಡು ಹಾಕಿದರೆ ನಿಧಾನವಾಗಿ ಹತ್ತಿ ದೀರ್ಘವಾಗಿ ಉರಿಯುತ್ತದೆ. ಎರಡೂ ಉರುವಲೇ, ಮಾಡುವ ಅಡುಗೆ ಬೇರೆ. ಪಿಸ್ತೂಲಿನ ಚಿಕ್ಕ ಕೇಸಿಗೂ ಗಿಡ್ಡ ನಳಿಗೆಗೂ ಸೋಗೆಯಂಥ ವೇಗದ ಮದ್ದು. ದೊಡ್ಡ ಕೇಸು, ಸಣ್ಣ ವ್ಯಾಸ, ಭಾರದ ಗುಂಡು ಇರುವ ರೈಫಲ್‌ಗೆ ಕೊರಡಿನಂಥ ನಿಧಾನದ ಮದ್ದು, ಏಕೆಂದರೆ ಭಾರದ ಗುಂಡು ಕದಲಲು ಹೊತ್ತು ಹಿಡಿಯುತ್ತದೆ. ಅದು ಕದಲುವ ಮೊದಲೇ ಎಲ್ಲ ಮದ್ದೂ ಅನಿಲವಾಗಿಬಿಟ್ಟರೆ ಒತ್ತಡಕ್ಕೆ ಹೋಗಲು ದಾರಿಯಿರುವುದಿಲ್ಲ. ಕಾಳಿನ ಆಕಾರ, ಗಾತ್ರ, ಮೇಲಿನ ಲೇಪ ಇವುಗಳಿಂದ ಈ ವೇಗವನ್ನು ಕಾರ್ಖಾನೆಯಲ್ಲಿ ಹೊಂದಿಸುತ್ತಾರೆ. ಶಾವಿಗೆ ಚೂರಿನಂಥವು, ಸಾಸಿವೆಯಂಥವು, ಚಪ್ಪಟೆ ಚಕ್ಕೆಯಂಥವು ಇವೆ. ವೇಗದಿಂದ ನಿಧಾನಕ್ಕೆ ಎಲ್ಲ ಮದ್ದುಗಳನ್ನೂ ಸಾಲಾಗಿ ಬರೆದ ಪಟ್ಟಿಗಳು ಸಿಗುತ್ತವೆ. ಆದರೆ ಆ ಪಟ್ಟಿ ತರಗತಿಯ ರ‍್ಯಾಂಕ್ ಇದ್ದಂತೆ: ಯಾರು ಮುಂದೆ, ಯಾರು ಹಿಂದೆ ಎಂದಷ್ಟೇ ತಿಳಿಯುತ್ತದೆ, ಅಂಕಗಳ ಅಂತರ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿವೆ ಎಂದು ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ಹೊಂದುವ ವೇಗದ ಮದ್ದುಗಳು ನಾಲ್ಕೈದು ಇದ್ದಾಗ, ಕೇಸನ್ನು ಬಹುತೇಕ ತುಂಬಿಸುವಂಥದ್ದನ್ನು ಆರಿಸುವುದು ವಾಡಿಕೆ. ಇದಕ್ಕೆ ಎರಡು ಕಾರಣಗಳು. ಅರ್ಧ ಖಾಲಿ ಕೇಸಿನಲ್ಲಿ ಮದ್ದು ಒಮ್ಮೆ ಮುಂದೆ ಒಮ್ಮೆ ಹಿಂದೆ ಸರಿದು, ಬೆಂಕಿ ಹತ್ತುವ ರೀತಿ ಬದಲಾಗಿ, ವೇಗವೂ ಬದಲಾಗುತ್ತದೆ. ಎರಡನೆಯ ಕಾರಣವೇ ದೊಡ್ಡದು: ಕೇಸು ತುಂಬುವಂಥ ಮದ್ದನ್ನು ಮರೆತು ಎರಡು ಸಲ ಹಾಕಿದರೆ ಅದು ಹೊರಗೆ ಚೆಲ್ಲಿ ಎಚ್ಚರಿಸುತ್ತದೆ, ಕೇಸಿನ ತಳದಲ್ಲಿ ಕೂರುವಂಥ ವೇಗದ ಮದ್ದು ಎರಡು ಸಲ ಬಿದ್ದರೂ ಸುಮ್ಮನಿರುತ್ತದೆ, ಕುದುರೆ ಎಳೆಯುವವರೆಗೆ.

ಇಲ್ಲಿ ಬಿಸಿಲಿನ ಲೆಕ್ಕವೂ ಸೇರುತ್ತದೆ. ಹೆಚ್ಚಿನ ಮದ್ದುಗಳು ಬಿಸಿಯಾದಾಗ ತುಸು ವೇಗವಾಗಿ ಉರಿಯುತ್ತವೆ. ಐಡಹೊದ ಬಾಯ್ಸಿ ಊರಿನಲ್ಲಿ ಜನವರಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ, ಜುಲೈಯಲ್ಲಿ ನಮ್ಮ ಏಪ್ರಿಲ್ ನೆನಪಿಸುವ ಬಿಸಿಲು. ಚಳಿಗಾಲದಲ್ಲಿ ಗರಿಷ್ಠ ಮಿತಿಗೆ ತಾಗಿಸಿ ತುಂಬಿದ ತೋಟಾ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಗಂಟೆ ಕೂತರೆ ಮಿತಿ ದಾಟಬಹುದು. ಬಿಸಿಗೆ ಅಷ್ಟಾಗಿ ಬದಲಾಗದ ಮದ್ದುಗಳು ಈಗ ಇವೆ, ಬೆಲೆ ತುಸು ಹೆಚ್ಚು. ಅಂಥ ಹವೆಯಲ್ಲಿ ಇರುವವರಿಗೆ ಆ ಹೆಚ್ಚಿನ ಹಣ ವ್ಯರ್ಥವಲ್ಲ ಎಂದು ನನ್ನ ಎಣಿಕೆ.

ಪ್ರೈಮರ್

ಇದರಲ್ಲಿ ಆಯ್ಕೆ ಕಡಿಮೆ. ರೈಫಲ್ ಪ್ರೈಮರ್‌ಗಳು ದೊಡ್ಡವು ಮತ್ತು ಚಿಕ್ಕವು ಎಂದು ಎರಡು ಅಳತೆ: ವ್ಯಾಸ ಸುಮಾರು 5.3 ಮತ್ತು 4.4 ಮಿಲಿಮೀಟರ್. ಯಾವುದು ಬೇಕು ಎಂಬುದನ್ನು ಕೇಸಿನ ಬುಡದ ಕುಳಿ ಹೇಳುತ್ತದೆ. 6.5 ಕ್ರೀಡ್‌ಮೂರ್‌ಗೆ ಎರಡೂ ಬಗೆಯ ಕುಳಿಯ ಕೇಸುಗಳು ಮಾರಾಟದಲ್ಲಿವೆ. ಅಕ್ಕನ ಮಗ ಮೊದಲು ಪ್ರೈಮರ್ ಕೊಂಡು, ಕೇಸು ಬಂದ ಮೇಲೆ ಕೂರುವುದಿಲ್ಲವೆಂದು ತಿಳಿದು ಪೇಚಾಡಿದ. ಕುಳಿಯ ರಚನೆಯಲ್ಲೂ ಬಾಕ್ಸರ್, ಬರ್ಡನ್ ಎಂಬ ಎರಡು ಪದ್ಧತಿಗಳಿವೆ. ಬಾಕ್ಸರ್ ಇಂಗ್ಲಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕದವ. ಆದರೆ ಬಾಕ್ಸರ್‌ನ ಪದ್ಧತಿ ಅಮೆರಿಕದಲ್ಲೂ ಬರ್ಡನ್‌ನದು ಯುರೋಪಿನಲ್ಲೂ ನೆಲೆಯೂರಿದವು. ನಡುವೆ ಒಂದೇ ರಂಧ್ರವಿರುವ ಬಾಕ್ಸರ್ ಕೇಸಿನ ಹಳೆಯ ಪ್ರೈಮರನ್ನು ಒಂದು ಸೂಜಿಯಿಂದ ತಳ್ಳಿ ತೆಗೆಯಬಹುದಾದ್ದರಿಂದ ಕೈಯಿಂದ ತುಂಬುವವರಿಗೆ ಅದೇ ಅನುಕೂಲ.

ಕೋಷ್ಟಕ, ತಕ್ಕಡಿ, ತಾಳ್ಮೆ

ನಾಲ್ಕೂ ಕೈಗೆ ಬಂದ ಮೇಲೆ ಎಷ್ಟು ಮದ್ದು ಎಂಬ ಪ್ರಶ್ನೆಗೆ ಊಹೆ ಉತ್ತರವಲ್ಲ. ಗುಂಡು ಮತ್ತು ಮದ್ದು ತಯಾರಿಸುವ ಕಂಪನಿಗಳು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಪ್ರಕಟಿಸುವ ಕೋಷ್ಟಕಗಳಿವೆ. ಇಂಥ ಕೇಸು, ಇಂಥ ಪ್ರೈಮರ್, ಇಂಥ ತೂಕದ ಗುಂಡು, ಇಂಥ ಮದ್ದು, ಇಷ್ಟರಿಂದ ಇಷ್ಟರವರೆಗೆ ಎಂದು ಅದರಲ್ಲಿರುತ್ತದೆ. ಆರಂಭದ ಅಳತೆ ಗರಿಷ್ಠಕ್ಕಿಂತ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಕಡಿಮೆ. ಅಲ್ಲಿಂದ ಶುರು ಮಾಡಿ, ಪ್ರತಿ ಹೆಜ್ಜೆಗೂ ಕೆಲವು ತೋಟಾ ಹೊಡೆದು ನೋಡಿ, ನಿಧಾನವಾಗಿ ಮೇಲಕ್ಕೆ ಹೋಗುತ್ತಾರೆ. ಕೋಷ್ಟಕದ ಒಂದು ಹೆಸರು ಬದಲಾದರೂ ಮತ್ತೆ ಕೆಳಗಿನಿಂದಲೇ. ಮದ್ದಿನ ಹೊಸ ಡಬ್ಬಿ ಬೇರೆ ತಂಡದ್ದಾದರೂ (ಒಮ್ಮೆಗೆ ತಯಾರಾದ ಸರಕು ಒಂದು ತಂಡ, ಅಂದರೆ ಬ್ಯಾಚ್) ಹಾಗೆಯೇ.

ಒತ್ತಡ ಹೆಚ್ಚಾಗುತ್ತಿದೆ ಎಂಬುದಕ್ಕೆ ಕೆಲವು ಕುರುಹುಗಳಿವೆ. ಪ್ರೈಮರ್‌ನ ದುಂಡನೆಯ ಅಂಚು ಚಪ್ಪಟೆಯಾಗುತ್ತದೆ, ರೈಫಲ್‌ನ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎತ್ತಲು ಬಿಗಿಯಾಗುತ್ತದೆ, ಕೇಸಿನ ಬುಡದಲ್ಲಿ ಹೊಳೆಯುವ ಗುರುತು ಬೀಳುತ್ತದೆ. ಆದರೆ ಇವು ಕಾಣಿಸುವ ಹೊತ್ತಿಗೆ ಮಿತಿ ದಾಟಿರುವುದೇ ಹೆಚ್ಚು. ಗುಂಡನ್ನು ಕೇಸಿನೊಳಗೆ ಎಷ್ಟು ಆಳಕ್ಕೆ ಕೂರಿಸಬೇಕೆಂಬುದೂ ಇದೇ ಲೆಕ್ಕಕ್ಕೆ ಸೇರಿದ್ದು: ಆಳವಾದರೆ ಮದ್ದಿನ ಜಾಗ ಕುಗ್ಗುತ್ತದೆ, ಹೊರಗೆ ಚಾಚಿದರೆ ಗುಂಡು ನಳಿಗೆಯ ಗೀರುಗಳಿಗೆ ಮೊದಲೇ ತಾಗಿ ಒತ್ತಡ ಜಿಗಿಯುತ್ತದೆ, ಇನ್ನೂ ಚಾಚಿದರೆ ತೋಟಾ ಜೋಡಿಸಿಡುವ ಮ್ಯಾಗಜಿನ್‌ನಲ್ಲೇ ಹಿಡಿಸುವುದಿಲ್ಲ.

ಮುಂದಿನ ಕರೆಯಲ್ಲಿ ಅವನು ತನ್ನ ಮೇಜು ತೋರಿಸಿದ. ಒಂದು ತುದಿಯಲ್ಲಿ ಕೈಯಂತ್ರ, ನಡುವೆ ತಕ್ಕಡಿ. ಒಂದು ಗ್ರೇನಿನ ಹತ್ತನೆಯ ಒಂದು ಭಾಗವನ್ನೂ ತೋರಿಸುವ ಆ ತಕ್ಕಡಿ, ಫ್ಯಾನ್ ಹಾಕಿದರೆ ಗಾಳಿಗೆ ಅಲ್ಲಾಡುತ್ತದೆಂದು ಬಿಸಿಲಿನಲ್ಲೂ ಫ್ಯಾನ್ ಆರಿಸಿ ಕೂರುತ್ತಾನೆ. ನಮ್ಮ ಅಕ್ಕಸಾಲಿಗರ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ ಇಡುವುದೂ ಇದಕ್ಕೇ. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಒಂದು ಇತ್ತು. ಎರಡನೆಯದು ಕಪಾಟಿನಲ್ಲಿ, ಬಾಗಿಲು ಹಾಕಿ. ಬೂದುಬಣ್ಣದ ಎರಡು ಮದ್ದುಗಳನ್ನು ಕಣ್ಣಿನಿಂದ ಗುರುತಿಸಲು ಯಾರಿಗೂ ಆಗುವುದಿಲ್ಲ, ಒಂದರ ಡಬ್ಬಿಗೆ ಇನ್ನೊಂದನ್ನು ಸುರಿದರೆ ಎರಡನ್ನೂ ಹಾಳುಮಾಡುವುದೊಂದೇ ದಾರಿ ಎಂದು ಅವನೇ ಹೇಳಿದ.

ಇಷ್ಟೆಲ್ಲ ಏಕೆ

ದುಡ್ಡು ಉಳಿಯುತ್ತದೆ ಎಂಬುದು ಹೇಳುವ ಕಾರಣ. ಯಂತ್ರ, ಅಚ್ಚು, ತಕ್ಕಡಿಗಳ ಖರ್ಚು ಮೊದಲೇ ಬೀಳುತ್ತದೆ, ಉಳಿದ ದುಡ್ಡಿಗೆ ಜನ ಹೆಚ್ಚು ತೋಟಾ ಹೊಡೆಯುತ್ತಾರೆ, ಹೀಗಾಗಿ ಜೇಬಿನಲ್ಲಿ ಉಳಿಯುವುದು ಕಡಿಮೆ. 2020-21ರಲ್ಲಿ ಅಲ್ಲಿ ಪ್ರೈಮರ್‌ಗಳೇ ಅಂಗಡಿಗಳಿಂದ ಕಾಣೆಯಾಗಿ, ಯಂತ್ರ ಇದ್ದವರೂ ಕೈಕಟ್ಟಿ ಕೂತರು. ನಿಜವಾದ ಕಾರಣ ಹೊಂದಾಣಿಕೆ. ಕಾರ್ಖಾನೆಯ ತೋಟಾವನ್ನು ಆ ಹೆಸರಿನ ಎಲ್ಲ ರೈಫಲ್‌ಗಳಲ್ಲೂ ಕೂರುವಂತೆ ಮಾಡಿರುತ್ತಾರೆ, ಸಿದ್ಧ ಉಡುಪಿನಂತೆ. ಕೈಯಿಂದ ತುಂಬಿದ್ದು ದರ್ಜಿ ಅಳತೆ ತೆಗೆದು ಹೊಲಿದಂತೆ. ಮುನ್ನೂರು ಮೀಟರ್ ದೂರದ ಗುರಿಸ್ಪರ್ಧೆಯಲ್ಲಿ ಆ ವ್ಯತ್ಯಾಸ ಹಲಗೆಯ ಮೇಲೆ ಕಾಣುತ್ತದೆ. ನಮ್ಮ ಮಕ್ಕಳು ಕಲಿಯುವ ಹತ್ತು ಮೀಟರ್ ಸ್ಪರ್ಧೆಯಲ್ಲಿ ಇದರ ಪ್ರಶ್ನೆಯೇ ಇಲ್ಲ. ಅದು ಗಾಳಿಯ ಒತ್ತಡದ ರೈಫಲ್, 4.5 ಮಿಲಿಮೀಟರ್‌ನ ಸೀಸದ ಕಾಳು, ಮದ್ದೇ ಇಲ್ಲ. ಐವತ್ತು ಮೀಟರಿನದು ಪಾಯಿಂಟ್ ಟೂಟೂ, ಅದನ್ನು ಮತ್ತೆ ತುಂಬುವ ಹಾಗಿಲ್ಲ ಎಂದು ಮೇಲೆ ನೋಡಿದೆವು. ಅಲ್ಲಿ ಕ್ರೀಡಾಪಟುಗಳು ಬೇರೆಬೇರೆ ತಂಡದ ಕಾರ್ಖಾನೆ ತೋಟಾಗಳನ್ನು ಹೊಡೆದು ನೋಡಿ, ತಮ್ಮ ನಳಿಗೆ ಮೆಚ್ಚಿದ ತಂಡವನ್ನೇ ಒಟ್ಟಾಗಿ ಕೊಳ್ಳುತ್ತಾರೆ.

ಕರೆ ಮುಗಿಸುವ ಮೊದಲು ಅವನು ತುಂಬಿಟ್ಟ ಐವತ್ತು ತೋಟಾಗಳ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತಿರುಗಿಸಿ, ಮುಚ್ಚಳಕ್ಕೆ ಅಂಟಿಸಿದ ಚೀಟಿ ತೋರಿಸಿದ. ಕೇಸಿನ ಕಂಪನಿ ಮತ್ತು ಎಷ್ಟನೆಯ ಸಲದ ಬಳಕೆ, ಪ್ರೈಮರ್, ಮದ್ದಿನ ಹೆಸರು ಮತ್ತು ಡಬ್ಬಿಯ ತಂಡದ ಸಂಖ್ಯೆ, ತೂಕ, ಗುಂಡು, ಒಟ್ಟು ಉದ್ದ, ತುಂಬಿದ ತಾರೀಖು, ಅಂದಿನ ತಾಪಮಾನ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ರೈಫಲ್‌ನ ಕ್ರಮಸಂಖ್ಯೆ. ಅದೇ ಹೆಸರಿನ, ಅದೇ ಕಂಪನಿಯ ರೈಫಲ್ ಅವನ ಪಕ್ಕದ ಮನೆಯವರ ಬಳಿಯೂ ಇದೆಯಂತೆ. ಅವರು ಕೇಳಿದರೂ ಈ ಪೆಟ್ಟಿಗೆಯಿಂದ ಒಂದು ತೋಟಾವನ್ನೂ ಕೊಡುವುದಿಲ್ಲ ಎಂದ.